ಟೂರಿಂಗ್ ಸೈಕಲ್ ಮಣ್ಣಿನ ದಾರಿಗೆ ಇಳಿದರೆ ಮುರಿಯುತ್ತದೆಯೇ? ದಿನಕ್ಕೆ 40 ಪಂಕ್ಚರ್ ಹಾಕಿಕೊಂಡು ಭಾರತ ಸುತ್ತಿದ ಫ್ಯಾನಿ ವರ್ಕ್‌ಮನ್ ಕಥೆ

ನಿಮ್ಮ ಫೋನಿಗೂ ಇಂಥದ್ದೊಂದು ಮೆಸೇಜ್ ಬಂದಿರಬಹುದು. ಟೂರಿಂಗ್ ಸೈಕಲ್ ಇರುವುದು ಡಾಂಬರು ರಸ್ತೆಗೆ ಮಾತ್ರವಂತೆ. ಮಣ್ಣಿನ ದಾರಿಗೆ ಇಳಿಸಿದರೆ ಫ್ರೇಮ್ ಬಿರುಕು ಬಿಡುತ್ತದಂತೆ, ರಿಮ್ ಸೊಟ್ಟಗಾಗುತ್ತದಂತೆ. ಹಂಪಿ, ಸಂಡೂರು ಕಡೆ ಹೊರಟವರು ಮೊದಲು ಸಾವಿರಾರು ರೂಪಾಯಿ ಕೊಟ್ಟು ದಪ್ಪ ಟೈರಿನ ಎಂಟಿಬಿ ಕೊಳ್ಳಲೇಬೇಕಂತೆ. ಕೊನೆಯಲ್ಲಿ ಎಂದಿನಂತೆ, ಹತ್ತು ಜನಕ್ಕೆ ಕಳಿಸಿ.

ಇದಕ್ಕೆ ನಾವು ಒಂದೇ ಮಾತಿನಲ್ಲಿ ಸುಳ್ಳು ಎಂದು ಮುದ್ರೆ ಒತ್ತಬಹುದಿತ್ತು. ಆದರೆ ಅದರಲ್ಲಿ ಸ್ವಲ್ಪ ನಿಜವೂ ಇದೆ, ಆ ಸ್ವಲ್ಪ ಎಷ್ಟು ಎನ್ನುವುದೇ ಮುಖ್ಯ. ಹಾಗಾಗಿ ಒಬ್ಬರ ಬದುಕನ್ನು ಮುಂದಿಟ್ಟುಕೊಂಡು ಉತ್ತರ ಹುಡುಕೋಣ. ಗೇರ್ ಸೈಕಲ್ ಎಂಬುದು ಇನ್ನೂ ಮನೆಮಾತಾಗದ ಕಾಲದಲ್ಲಿ, ಉದ್ದ ಲಂಗ ತೊಟ್ಟು, ತಲೆಗೆ ಬಿಸಿಲಿನ ಟೋಪಿ ಹಾಕಿ, ಭಾರತದ ದಕ್ಷಿಣ ತುದಿಯಿಂದ ಹಿಮಾಲಯದವರೆಗೆ ಸೈಕಲ್ ತುಳಿದ ಹೆಂಗಸು ಅವರು. ಹೆಸರು ಫ್ಯಾನಿ ಬುಲಕ್ ವರ್ಕ್‌ಮನ್.

ಈ ಕಥೆಯನ್ನು ಹೊಸಪೇಟೆಯ ನೆಲದ ಜೊತೆಗಿಟ್ಟು ಹೇಳುವುದಕ್ಕೆ ಕಾರಣವಿದೆ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರ್. ಸಂಡೂರು, ಕಂಪ್ಲಿ ಎರಡೂ ಹೆಚ್ಚುಕಡಿಮೆ ಮೂವತ್ತು. ಇಷ್ಟೇ ದೂರದೊಳಗೆ ಹಾಸುಬಂಡೆ, ಕಾಲುವೆ ಏರಿ, ಎರೆಮಣ್ಣು, ಅದಿರಿನ ಕೆಂಪು ದೂಳು, ಮುಳ್ಳಿನ ಪೊದೆ, ದಾಟಬೇಕಾದ ನದಿ ಎಲ್ಲವೂ ಸಿಗುತ್ತವೆ. ಫ್ಯಾನಿ ಪಟ್ಟ ಪಾಡು ಏನೆಂದು ತಿಳಿಯಬೇಕಾದರೆ ಇಲ್ಲಿ ಒಂದು ದಿನ ಸೈಕಲ್ ತುಳಿದರೆ ಸಾಕು.

ರಾಜ್ಯಪಾಲರ ಮಗಳು

ಫ್ಯಾನಿ ಹುಟ್ಟಿದ್ದು 1859ರ ಜನವರಿ 8ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನಲ್ಲಿ. ತಂದೆ ಅಲೆಕ್ಸಾಂಡರ್ ಬುಲಕ್ ಮುಂದೆ ಅದೇ ರಾಜ್ಯದ ರಾಜ್ಯಪಾಲರಾದರು. ಕಾಸಿಗೆ ಕೊರತೆಯಿಲ್ಲದ ಮನೆ. ಅಂಥ ಮನೆಯ ಹೆಣ್ಣುಮಕ್ಕಳು ಪಿಯಾನೊ ಕಲಿತು, ಫ್ರೆಂಚ್ ಕಲಿತು, ಮದುವೆಯಾಗಿ, ಚಹಾಕೂಟ ನಡೆಸಿಕೊಂಡಿರಬೇಕು ಎಂಬುದು ಆ ಕಾಲದ ಲೆಕ್ಕ. 1880ರ ದಶಕದ ಆರಂಭದಲ್ಲಿ ಫ್ಯಾನಿಗೂ ಮದುವೆಯಾಯಿತು. ಗಂಡ ವಿಲಿಯಂ ಹಂಟರ್ ವರ್ಕ್‌ಮನ್ ವೈದ್ಯರು, ಆಕೆಗಿಂತ ಹನ್ನೆರಡು ವರ್ಷ ದೊಡ್ಡವರು. ಬೆಟ್ಟ ಹತ್ತುವ ಹುಚ್ಚನ್ನು ಹೆಂಡತಿಗೆ ಹಿಡಿಸಿದ್ದೇ ಆತ.

1884ರಲ್ಲಿ ಮಗಳು ರೇಚಲ್ ಹುಟ್ಟಿದಳು. 1889ರಲ್ಲಿ ವಿಲಿಯಂ ಆರೋಗ್ಯ ಸರಿಯಿಲ್ಲವೆಂದು ವೈದ್ಯವೃತ್ತಿ ಬಿಟ್ಟರು, ಸಂಸಾರ ಯುರೋಪಿಗೆ ಹೋಯಿತು. ಅಲ್ಲಿ ಅವರ ಆರೋಗ್ಯ ಎಷ್ಟು ಬೇಗ ಸುಧಾರಿಸಿತೆಂದರೆ ಕಾಯಿಲೆ ನಿಜವಾಗಿಯೂ ಇತ್ತೇ ಎಂದು ಅನುಮಾನಪಟ್ಟವರಿದ್ದಾರೆ. ಅದೇ ವರ್ಷ ಮಗ ಸೀಗ್‌ಫ್ರೀಡ್ ಹುಟ್ಟಿದ. 1893ರಲ್ಲಿ, ನಾಲ್ಕು ವರ್ಷದ ಮಗು, ಇನ್‌ಫ್ಲುಯೆನ್ಜಾ ಮತ್ತು ನ್ಯುಮೋನಿಯಾಕ್ಕೆ ತುತ್ತಾಗಿ ತೀರಿಕೊಂಡ.

ಅಲ್ಲಿಂದ ಮುಂದೆ ಈ ಗಂಡ ಹೆಂಡತಿ ಒಂದು ಕಡೆ ನಿಂತದ್ದೇ ಅಪರೂಪ. ಮಗಳನ್ನು ದಾದಿಯರ ಬಳಿ, ಬೋರ್ಡಿಂಗ್ ಶಾಲೆಯಲ್ಲಿ ಬಿಟ್ಟು ಇಬ್ಬರೂ ಸೈಕಲ್ ಹತ್ತಿದರು. ಇದನ್ನು ಓದಿ ನಿಮಗೆ ಸಿಟ್ಟು ಬರಬಹುದು. ಆಗಿನವರಿಗೂ ಬಂದಿತ್ತು. ದುಃಖ ಮರೆಯಲು ಹೊರಟರೋ, ತಾಯ್ತನದ ಕಟ್ಟಿನಿಂದ ತಪ್ಪಿಸಿಕೊಂಡರೋ ಎಂದು ತೀರ್ಪು ಕೊಡಲು ನಾವು ಹೋಗುವುದಿಲ್ಲ. ಆದರೆ ಅದೇ ದಾರಿ ಹಿಡಿದ ಗಂಡಸರನ್ನು, ಅಂದರೆ ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ಊರೂರು ಅಲೆದ ಅನ್ವೇಷಕರನ್ನು, ಯಾರೂ ಈ ಪ್ರಶ್ನೆ ಕೇಳಿದ್ದಿಲ್ಲ ಎನ್ನುವುದನ್ನು ಗಮನಿಸಬೇಕು.

ಸೈಕಲ್ ತುಳಿದರೆ ಮುಖ ಕೆಡುತ್ತದೆ ಎಂದ ಡಾಕ್ಟರುಗಳು

ಫ್ಯಾನಿ ಸೈಕಲ್ ಹತ್ತಿದ ಹೊತ್ತು ಹೇಗಿತ್ತು ನೋಡಿ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಹಳೆಯ ಸೈಕಲ್ ಹಿಂದೆ ಸರಿದಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನಲ್ಲಿ ರೋವರ್ ಸೇಫ್ಟಿ ಸೈಕಲ್ ತಂದಿದ್ದರು. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನ್. ಇವತ್ತು ನಿಮ್ಮ ಮನೆ ಮುಂದೆ ನಿಂತಿರುವ ಸೈಕಲ್ಲಿನ ಮುತ್ತಜ್ಜ ಅದೇ. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದರು. ಡನ್ಲಪ್ ಇದನ್ನು ಮೊಟ್ಟಮೊದಲು ಕಂಡುಹಿಡಿದರು ಎನ್ನುವುದೂ ಒಂದು ಫಾರ್ವರ್ಡ್ ಸುಳ್ಳೇ. ರಾಬರ್ಟ್ ಥಾಮ್ಸನ್ ಎಂಬುವರು 1840ರ ದಶಕದಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆಗ ಅದನ್ನು ಹಾಕಲು ಸೈಕಲ್ಲೇ ಇರಲಿಲ್ಲ, ಜನ ಮರೆತರು.

ಸೈಕಲ್ ಸುರಕ್ಷಿತವಾದಂತೆ ಹೆಂಗಸರು ಹತ್ತಿದರು. ಹೆಂಗಸರು ಹತ್ತಿದಂತೆ ಕೆಲವು ಡಾಕ್ಟರುಗಳಿಗೆ ಚಿಂತೆ ಹತ್ತಿತು. ಸೈಕಲ್ ತುಳಿದರೆ ಕಣ್ಣು ಗುಡ್ಡೆ ಮುಂದೆ ಬರುತ್ತದೆ, ದವಡೆ ಬಿಗಿದುಕೊಳ್ಳುತ್ತದೆ, ಮುಖ ಶಾಶ್ವತವಾಗಿ ಕೆಂಪಾಗಿ ಸೊಟ್ಟಗಾಗುತ್ತದೆ ಎಂದು ಬರೆದರು. ಈ ಕಾಯಿಲೆಗೆ ಸೈಕಲ್ ಮುಖ ಎಂದು ಹೆಸರನ್ನೂ ಇಟ್ಟರು. ಗರ್ಭಕೋಶಕ್ಕೆ ಪೆಟ್ಟು ಎಂದರು. ಅದೇ ಕಾಲದ ಬೇರೆ ವೈದ್ಯರು ಇದನ್ನೆಲ್ಲ ತಳ್ಳಿಹಾಕಿದರು, 1890ರ ದಶಕ ಮುಗಿಯುವ ಹೊತ್ತಿಗೆ ಸೈಕಲ್ ಮುಖದ ಮಾತು ಕ್ಷೀಣಿಸಿತು. ಗರ್ಭಕೋಶದ ಮಾತು ಮಾತ್ರ ಇನ್ನೂ ವಾಟ್ಸಾಪಿನಲ್ಲಿ ಉಸಿರಾಡುತ್ತಿದೆ. ಸೈಕಲ್ ತುಳಿಯುವುದರಿಂದ ಗರ್ಭಕೋಶ ಜಾರುತ್ತದೆ, ಮಕ್ಕಳಾಗುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಸೀಟು ತೀರಾ ಎತ್ತರವಾಗಿದ್ದರೆ ಅಥವಾ ಮೂತಿ ಮೇಲೆತ್ತಿಕೊಂಡಿದ್ದರೆ ಕೂತ ಜಾಗ ನೋಯುವುದು, ಜೋಮು ಹಿಡಿಯುವುದು ನಿಜ. ಅದಕ್ಕೆ ಮದ್ದು ಡಾಕ್ಟರ ಬಳಿ ಇಲ್ಲ, ಸೈಕಲ್ ಶಾಪಿನ ಸ್ಪ್ಯಾನರಿನಲ್ಲಿದೆ.

ಫ್ಯಾನಿಯ ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದ ಗಂಡನೇ ಡಾಕ್ಟರ್. ಆತ ಹೆದರಲಿಲ್ಲ. ಇಬ್ಬರೂ ಮೊದಲು ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಟಲಿ ನೋಡಿದರು. ಮುಂದೆ ಆಲ್ಜೀರಿಯಾ, ಆಮೇಲೆ ಸ್ಪೇನ್. ಸ್ಪೇನಿನಲ್ಲಿ ತುಳಿದದ್ದು 2,800 ಮೈಲಿ, ಅಂದರೆ 4,500 ಕಿಲೋಮೀಟರ್. ದಿನಕ್ಕೆ ಸರಾಸರಿ 45 ಮೈಲಿ, ಕೆಲವು ದಿನ 80. ಹ್ಯಾಂಡಲ್ಲಿಗೆ ಒಂದು ತಗಡಿನ ಚಹಾ ಕೆಟ್ಟಲ್ ನೇತುಹಾಕಿಕೊಂಡಿರುತ್ತಿದ್ದರು, ಅಟ್ಟಿಸಿಕೊಂಡು ಬರುವ ನಾಯಿಗಳಿಗೆಂದು ಚಾಟಿ. ಎರಡು ದೇಶದ ಬಗ್ಗೆಯೂ ಪುಸ್ತಕ ಬರೆದರು.

ಭಾರತದಲ್ಲಿ ಎರಡೂವರೆ ವರ್ಷ

1897ರ ನವೆಂಬರಿನಲ್ಲಿ ಶುರುವಾದ ಪ್ರಯಾಣ ಎರಡೂವರೆ ವರ್ಷ ಹಿಡಿಯಿತು. ಫ್ಯಾನಿಗೆ ಆಗ 38, ವಿಲಿಯಂಗೆ 50. ಸಿಲೋನ್, ಭಾರತ, ಬರ್ಮಾ, ಜಾವಾ ಎಲ್ಲ ಸೇರಿದ ಈ ಯಾತ್ರೆಯ ಲೆಕ್ಕ 14,000 ಮೈಲಿ, ಸುಮಾರು 22,500 ಕಿಲೋಮೀಟರ್ ಎಂದು ಅವರ ಪುಸ್ತಕ ಹೇಳುತ್ತದೆ. ನಡುವೆ ಬೇಸಿಗೆ ತಡೆಯಲಾಗದೆ ಹಿಮಾಲಯದ ಕಡೆ ಹೋದರು. ಆ ಕಥೆ ಆಮೇಲೆ.

ಸೈಕಲ್ಲಿನ ಮೇಲೆ ಹೊತ್ತದ್ದು ಏನು? ಚಹಾಪುಡಿ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿಯ ಮಾಂಸ, ನೀರು. ತಲೆದಿಂಬು, ತಲಾ ಒಂದು ಕಂಬಳಿ, ಬರೆಯುವ ಸಾಮಾನು, ಔಷಧಿ, ರಿಪೇರಿ ಸಾಮಾನು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಟೂರಿಂಗ್ ಸೈಕಲ್. ಟೂರಿಂಗ್ ಸೈಕಲ್ ಎಂದರೆ ಇಷ್ಟೇ: ದಿನಗಟ್ಟಲೆ ಸಾಮಾನು ಹೊತ್ತು ಸಾಗಲು ಮಾಡಿದ ಗಟ್ಟಿ ಫ್ರೇಮ್, ಎರಡು ಚಕ್ರಗಳ ನಡುವೆ ಸ್ವಲ್ಪ ಹೆಚ್ಚು ಅಂತರ, ಕ್ಯಾರಿಯರ್ ಹಾಕಲು ಜಾಗ.

ಉತ್ತರದ ದೊಡ್ಡ ರಸ್ತೆಗಳಲ್ಲಿ ಅಲ್ಲಲ್ಲಿ ಸರ್ಕಾರದ ಡಾಕ್ ಬಂಗಲೆಗಳಿದ್ದವು, ಮಲಗಲು ಜಾಗ ಸಿಗುತ್ತಿತ್ತು. ಆದರೆ ಇವರಿಗೆ ಬೇಕಾಗಿದ್ದದ್ದು ಹಳೆಯ ದೇವಸ್ಥಾನಗಳು, ಪಾಳುಬಿದ್ದ ಕಟ್ಟಡಗಳು. ಅವು ದೊಡ್ಡ ರಸ್ತೆಯ ಪಕ್ಕ ಇರುವುದಿಲ್ಲವಲ್ಲ. ಹಾಗಾಗಿ ಕಾಲುದಾರಿ ಹಿಡಿದರು. ನದಿ ಅಡ್ಡ ಬಂದರೆ ಸೈಕಲ್ ಹೊತ್ತುಕೊಂಡು ದಾಟಿದರು. ಇಲಿ ಓಡಾಡುವ ಕೋಣೆಗಳಲ್ಲಿ ಮಲಗಿದರು, ಸೊಳ್ಳೆ ಕಡಿಸಿಕೊಂಡರು, ಎಷ್ಟೋ ದಿನ ಅನ್ನ ನೀರಿಗೆ ಪರದಾಡಿದರು. ಕೆಲವು ದಿನ ಪಂಕ್ಚರುಗಳ ಲೆಕ್ಕ 40ಕ್ಕೆ ಮುಟ್ಟಿತು.

ನಲವತ್ತು! ಒಂದು ಪಂಕ್ಚರಿಗೆ ಹತ್ತೇ ನಿಮಿಷ ಹಿಡಿಯಿತು ಎಂದುಕೊಂಡರೂ ಆರೂವರೆ ಗಂಟೆಗೂ ಮೇಲೆ ಬರೀ ಟ್ಯೂಬಿಗೆ ಪ್ಯಾಚ್ ಅಂಟಿಸುವುದೇ ಆಯಿತು. ಈ ಸಂಖ್ಯೆಯ ಹಿಂದೆ ಯಾವ ಮುಳ್ಳು ಇರಬಹುದು ಎಂದು ಕಂಪ್ಲಿ ಕಡೆಯ ಹೊಲದವರನ್ನು ಕೇಳಿದರೆ ತಟ್ಟನೆ ಹೇಳುತ್ತಾರೆ: ನೆಗ್ಗಿಲು ಮುಳ್ಳು. ನೆಲಕ್ಕೆ ಅಂಟಿಕೊಂಡು ಹಬ್ಬುವ, ಹಳದಿ ಹೂ ಬಿಡುವ ಬಳ್ಳಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮುಖ ಮಾಡಿರುತ್ತದೆ. ಸೈಕಲ್ ಟೈರುಗಳ ಮೇಲೆ ಅದರ ಕೈಚಳಕ ನೋಡಿಯೇ ಇಂಗ್ಲಿಷಿನಲ್ಲಿ ಅದಕ್ಕೆ ಪಂಕ್ಚರ್ ಬಳ್ಳಿ ಎಂದು ಹೆಸರಿಟ್ಟಿದ್ದಾರೆ. ಇನ್ನು ರಸ್ತೆ ಪಕ್ಕ, ಕೆರೆ ಅಂಗಳ, ಪಾಳು ಹೊಲ ಎಲ್ಲ ಕಡೆ ನಿಂತಿರುವ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಗಿಡ. ಅದರ ಒಣಗಿದ ಟೊಂಗೆ ಚಕ್ರದ ಕೆಳಗೆ ಬಂದರೆ ಎಂಟಿಬಿ, ಟೂರಿಂಗ್ ಎಂದು ಭೇದ ಮಾಡುವುದಿಲ್ಲ. ಯಾವ ಸೈಕಲ್ಲಾದರೂ ಪಂಕ್ಚರೇ.

ಹಾಗಾದರೆ ಸೈಕಲ್ ಮುರಿಯುವುದಿಲ್ಲವೇ?

ಫ್ಯಾನಿ ಬಳಿ ಎಂಟಿಬಿ ಇರಲಿಲ್ಲ, ಶಾಕ್ ಅಬ್ಸಾರ್ಬರ್ ಇರಲಿಲ್ಲ, ಡಿಸ್ಕ್ ಬ್ರೇಕ್ ಇರಲಿಲ್ಲ. ಹಾಗಿದ್ದೂ ಸೈಕಲ್ ಸಾಗಿತು. ಅದನ್ನು ಸಾಗಿಸಿದ್ದು ಮೂರು ಸಂಗತಿಗಳು: ದಪ್ಪ ಟೈರು, ಕಡಿಮೆ ಹೊರೆ, ಇಳಿದು ಹೊರುವ ಮನಸ್ಸು. ಇದರಲ್ಲಿ ಟೈರಿನದೇ ದೊಡ್ಡ ಪಾಲು.

ಗಟ್ಟಿಯಾಗಿ ಗಾಳಿ ಹೊಡೆದಷ್ಟೂ ಸೈಕಲ್ ಹಗುರವಾಗಿ ಓಡುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ನಂಬಿದ್ದೇವೆ. ನುಣುಪಾದ ಡಾಂಬರಿನ ಮೇಲೆ ಒಂದು ಮಟ್ಟಿಗೆ ಅದು ಸರಿ. ಕಲ್ಲುದಾರಿಯಲ್ಲಿ ಉಲ್ಟಾ. ಚಕ್ರದ ಕೆಳಗೆ ನಿಂಬೆಹಣ್ಣಿನ ಗಾತ್ರದ ಕಲ್ಲು ಬಂತು ಎಂದುಕೊಳ್ಳಿ. ಟೈರು ಕಲ್ಲಿನಂತೆ ಗಟ್ಟಿಯಾಗಿದ್ದರೆ ಆ ಪುಟ್ಟ ಕಲ್ಲಿನ ಮೇಲೆ ಸೈಕಲ್ಲೂ ನೀವೂ ಇಡಿಯಾಗಿ ಏಳಬೇಕು, ಇಳಿಯಬೇಕು. ಹೀಗೆ ಎತ್ತಿ ಇಳಿಸುವುದಕ್ಕೆ ಖರ್ಚಾಗುವುದು ನಿಮ್ಮ ಕಾಲಿನ ಶಕ್ತಿಯೇ. ಅದು ಮುಂದೆ ಹೋಗುವುದಕ್ಕೆ ಬರಬೇಕಿತ್ತು, ಬೆನ್ನು ಮೂಳೆ ಅಲುಗಾಡಿಸುವುದಕ್ಕೆ ಹೋಯಿತು. ಟೈರು ಸ್ವಲ್ಪ ಮೆತ್ತಗಿದ್ದರೆ ಕಲ್ಲನ್ನು ತನ್ನೊಳಗೆ ಒತ್ತಿಸಿಕೊಂಡು ದಾಟುತ್ತದೆ, ಸೈಕಲ್ ಏಳುವುದಿಲ್ಲ. ಜೊತೆಗೆ ನೆಲಕ್ಕೆ ತಾಗುವ ಜಾಗ ಹೆಚ್ಚುವುದರಿಂದ ಮರಳಿನಲ್ಲಿ ಹಿಡಿತವೂ ಸಿಗುತ್ತದೆ.

ಹಾಗೆಂದು ಗಾಳಿ ಪೂರ್ತಿ ಬಿಟ್ಟರೆ? ಟೈರು ಒತ್ತಿಕೊಂಡು ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಟೈರು ಅಗಲವಿದ್ದಷ್ಟೂ ಗಾಳಿ ಕಡಿಮೆ ಇಡಲು ಅವಕಾಶ ಹೆಚ್ಚು. 38 ಮಿಲಿಮೀಟರ್ ಅಗಲದ ಟೈರು, 65-70 ಕಿಲೋ ತೂಕದ ಸವಾರ ಎಂದರೆ ಮಣ್ಣಿನ ದಾರಿಗೆ 40 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ ನೋಡಬಹುದು. ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎಷ್ಟು ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ಮೀರಬೇಡಿ.

ಇಲ್ಲೊಂದು ತಮಾಷೆ ಇದೆ. ಸೈಕ್ಲೋಕ್ರಾಸ್ ಎಂಬ ಪಂದ್ಯ ನೋಡಿದ್ದೀರಾ? ಯುರೋಪಿನಲ್ಲಿ ಚಳಿಗಾಲದ ಆಟ. ಕೆಸರು, ಹುಲ್ಲು, ಮೆಟ್ಟಿಲು ಇರುವ ಸುತ್ತು. ಅಡ್ಡ ಹಲಗೆ ಬಂದಾಗ ಸವಾರ ಹಾರಿ ಇಳಿದು ಸೈಕಲ್ ಹೆಗಲಿಗೇರಿಸಿ ಓಡುತ್ತಾನೆ. ಫ್ರಾನ್ಸಿನಲ್ಲಿ 1902ರಲ್ಲೇ ರಾಷ್ಟ್ರೀಯ ಪಂದ್ಯ ನಡೆದಿತ್ತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರಲ್ಲಿ ಟೈರು 33 ಮಿಲಿಮೀಟರಿಗಿಂತ ಅಗಲ ಇರುವಂತಿಲ್ಲ. ಹಾಲು ಮಾರುವವರು ಕ್ಯಾನ್ ಕಟ್ಟಿಕೊಂಡು ಬರುವ ನಮ್ಮ ಕಪ್ಪು ಸೈಕಲ್ಲಿನ ಟೈರು 28 ಇಂಚು, ಒಂದೂವರೆ ಇಂಚಿನದು. ಎಂದರೆ ಸುಮಾರು 40 ಮಿಲಿಮೀಟರ್. ಕೆಸರಿನಲ್ಲಿ ವಿಶ್ವ ಚಾಂಪಿಯನ್ ಆಗುವವರ ಟೈರಿಗಿಂತ ಅಗಲ! ಹೀಗಿರುವಾಗ 35-40 ಮಿಲಿಮೀಟರ್ ಟೈರಿನ ಟೂರಿಂಗ್ ಸೈಕಲ್ಲು ಕಾಲುವೆ ಏರಿ ಮೇಲೆ ಮುರಿದು ಬೀಳುತ್ತದೆ ಎನ್ನುವುದನ್ನು ಹೇಗೆ ಒಪ್ಪುವುದು?

ಫಾರ್ವರ್ಡಿನಲ್ಲಿರುವ ನಿಜದ ಅಂಶ ಯಾವುದೆಂದರೆ, ಟೂರಿಂಗ್ ಸೈಕಲ್ ಹಾರಿಸುವುದಕ್ಕೆ, ಬಂಡೆಯಿಂದ ಧುಮುಕಿಸುವುದಕ್ಕೆ ಮಾಡಿದ್ದಲ್ಲ. ಸೈಕ್ಲೋಕ್ರಾಸ್ ಸೈಕಲ್ಲಿನಲ್ಲಿ ಪೆಡಲಿನ ನಡುವಿನ ಅಚ್ಚು ಸಾಮಾನ್ಯವಾಗಿ ನೆಲದಿಂದ ಸ್ವಲ್ಪ ಮೇಲಿರುತ್ತದೆ. ಟೂರಿಂಗ್ ಸೈಕಲ್ಲಿನಲ್ಲಿ ಅದು ಕೆಳಗೆ. ನೆಟ್ಟಗೆ ಕೂತು ದೂರ ಸಾಗಲು ಅದೇ ಅನುಕೂಲ, ಆದರೆ ಬಂಡೆಗಳ ನಡುವೆ ತಿರುಗಿಸುವಾಗ ಪೆಡಲ್ ಕಲ್ಲಿಗೆ ಬಡಿಯುತ್ತದೆ. ಉದ್ದ ಸೈಕಲ್ ಆದ್ದರಿಂದ ಚುರುಕಾಗಿ ತಿರುಗುವುದೂ ಇಲ್ಲ. ಇನ್ನು ಹಿಂದಿನ ಕ್ಯಾರಿಯರ್ ಮೇಲೆ ಹದಿನೈದು ಕಿಲೋ ಹೇರಿ ತಗ್ಗಿಗೆ ಇಳಿಸಿದರೆ ಹಿಂಚಕ್ರದ ಕಡ್ಡಿ ಕಿತ್ತುಬರುತ್ತದೆ. ಆಗ ಬೈಯಬೇಕಾದದ್ದು ಫ್ರೇಮನ್ನಲ್ಲ, ಹೊರೆಯನ್ನು. ಸಾಮಾನನ್ನು ರೂಮಿನಲ್ಲಿಟ್ಟು ಬರಿ ಸೈಕಲ್ ತೆಗೆದುಕೊಂಡು ಹೊರಡಿ.

ಜಾಗದಿಂದ ಜಾಗಕ್ಕೆ ಪಾಠ ಬೇರೆ. ಕಂಪ್ಲಿ ಸುತ್ತಿನ ಭತ್ತ, ಬಾಳೆ, ಕಬ್ಬಿನ ನೆಲದಲ್ಲಿ ಕಾಲುವೆ ಏರಿಗಳು ಒಣಗಿದಾಗ ಸೈಕಲ್ಲಿಗೆ ಸ್ವರ್ಗ. ವಿಜಯನಗರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಪಕ್ಕದಲ್ಲಿ ಸಾಗುವುದೇ ಒಂದು ಸುಖ. ಒಂದು ಮಳೆ ಬಿತ್ತೋ, ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಚಕ್ರವೇ ತಿರುಗುವುದಿಲ್ಲ. ಟೂರಿಂಗ್ ಸೈಕಲ್ಲಿನ ನಿಜವಾದ ಸೋಲು ಇಲ್ಲಿದೆ. ಮಳೆಗಾಲದಲ್ಲಿ ಮಡ್‌ಗಾರ್ಡ್ ಬಿಚ್ಚಿಡಿ, ಇಲ್ಲವೇ ಅವತ್ತು ಡಾಂಬರಿನಲ್ಲೇ ಹೋಗಿ. ಸಂಡೂರಿನ ಗುಡ್ಡಗಳ ದಾರಿಯಲ್ಲಿ ಕೆಸರಿಗಿಂತ ದೂಳು ಕಾಟ. ಕಬ್ಬಿಣದ ಅದಿರಿನ ಕೆಂಪು ಪುಡಿ ಚೈನಿನ ಎಣ್ಣೆಗೆ ಅಂಟಿಕೊಂಡು ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತದೆ, ಹಲ್ಲುಗಳನ್ನು ಸವೆಸುತ್ತದೆ. ಒಣಬಟ್ಟೆಯಲ್ಲಿ ಒರೆಸದೆ ಮೇಲೆ ಮೇಲೆ ಎಣ್ಣೆ ಹಾಕಬೇಡಿ. ಅದಿರು ಲಾರಿಗಳಿಗೆ ದಾರಿ ಬಿಡಿ, ಅವರಿಗೆ ನೀವು ಕಾಣುವುದಿಲ್ಲ ಎಂದುಕೊಂಡೇ ತುಳಿಯಿರಿ.

ಹಂಪಿಯ ಒರಟು ಬಂಡೆ ಒಣಗಿದ್ದಾಗ ಟೈರನ್ನು ಚೆನ್ನಾಗಿ ಹಿಡಿಯುತ್ತದೆ. ಅದರ ಮೇಲೆ ತೆಳುವಾಗಿ ಮರಳು ಹರಡಿದ್ದರೆ ಮಾತ್ರ ಜಾರುತ್ತದೆ, ಬ್ರೇಕ್ ಗಟ್ಟಿಯಾಗಿ ಹಿಡಿದವರೇ ಬೀಳುವುದು. ಒಂದು ಮಾತು ಖಡಾಖಂಡಿತ: ಸ್ಮಾರಕಗಳ ಕಟ್ಟೆ, ಮಂಟಪ, ಮೆಟ್ಟಿಲುಗಳ ಮೇಲೆ ಸೈಕಲ್ ಹತ್ತಿಸಬಾರದು. 1986ರಿಂದ ಅದು ವಿಶ್ವ ಪರಂಪರೆಯ ತಾಣ. ನಿಮ್ಮ ರೀಲ್ಸಿಗಿಂತ ಆ ಕಲ್ಲು ದೊಡ್ಡದು. ದರೋಜಿ ಕರಡಿಧಾಮ ಹತ್ತಿರವೇ ಇದೆ. ಕರಡಿ ಧಾಮದ ಗಡಿ ನೋಡಿಕೊಂಡು ಓಡಾಡುವುದಿಲ್ಲ, ಆದ್ದರಿಂದ ಮುಸ್ಸಂಜೆಗೆ ಮೊದಲೇ ಊರು ಸೇರಿ. ಆನೆಗೊಂದಿ ಕಡೆ ಹೋಗಲು ಹರಿಗೋಲು ಸಿಕ್ಕರೆ ಸೈಕಲ್ಲನ್ನೂ ಅದರಲ್ಲೇ ಮಲಗಿಸಿಕೊಂಡು ದಾಟಬಹುದು. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಹೊಳೆ ತುಂಬಿದಾಗ ಆ ಆಸೆ ಬೇಡ.

ಇದೆಲ್ಲ ಹೊಸ ಸಾಹಸವೇನಲ್ಲ ಎಂದು ಈ ಭಾಗದ ಹುಡುಗಿಯರು ನಗಬಹುದು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿಯ ಮಕ್ಕಳು ಅವನ್ನು ತುಳಿದದ್ದು ಯಾವ ದಾರಿಯಲ್ಲಿ? ಕಾಲುವೆ ಏರಿ, ಬಂಡಿದಾರಿ, ಹೊಲದ ಬದು. ಗೇರಿಲ್ಲದ ಸೈಕಲ್, ಹಿಂದೆ ಪುಸ್ತಕದ ಚೀಲ, ಒಮ್ಮೊಮ್ಮೆ ಗೆಳತಿಯೂ. ಆಫ್ ರೋಡ್ ಎಂಬ ಪದ ಅವರಿಗೆ ಬೇಕಾಗಲೇ ಇಲ್ಲ.

ಬೆಟ್ಟ, ಅಳತೆ, ಜಗಳ

ಫ್ಯಾನಿ ಕಥೆಗೆ ಮರಳೋಣ. ಬೇಸಿಗೆ ತಪ್ಪಿಸಿಕೊಳ್ಳಲು 1898ರಲ್ಲಿ ಹಿಮಾಲಯದ ಕಡೆ ಹೋದದ್ದೇ ಅವರ ಬದುಕನ್ನು ತಿರುಗಿಸಿತು. ಮರುವರ್ಷ ಕಾರಕೋರಂನಲ್ಲಿ ಶಿಖರ ಹತ್ತಿದರು. ಅವುಗಳಲ್ಲಿ ಒಂದಕ್ಕೆ ಸತ್ತ ಮಗನ ಹೆಸರಿಟ್ಟು ಸೀಗ್‌ಫ್ರೀಡ್‌ಹಾರ್ನ್ ಎಂದು ಕರೆದರು. ಮಗನ ಬಗ್ಗೆ ಆಕೆಗೆ ನೋವಿರಲಿಲ್ಲ ಎನ್ನುವವರು ಇದನ್ನೂ ನೆನಪಿಡಬೇಕು. 1906ರಲ್ಲಿ, 47ನೇ ವಯಸ್ಸಿನಲ್ಲಿ, ನುನ್ ಕುನ್ ಶ್ರೇಣಿಯ ಪಿನಾಕಲ್ ಪೀಕ್ ಹತ್ತಿದರು. ಎತ್ತರ 6,930 ಮೀಟರ್. ಆಮ್ಲಜನಕದ ಸಿಲಿಂಡರ್ ಇಲ್ಲ, ಇವತ್ತಿನ ಹಗುರ ಜಾಕೆಟ್ ಇಲ್ಲ, ಮೈಮೇಲೆ ಅದೇ ಲಂಗ. ಅಷ್ಟೆತ್ತರ ಏರಿದ ಮಹಿಳೆ ಇನ್ನೊಬ್ಬರಿರಲಿಲ್ಲ. 1934ರವರೆಗೂ ಆ ದಾಖಲೆ ನಿಂತಿತ್ತು.

ನಡುವೆ ಒಂದು ಜಗಳ ಬಂತು. ನಮ್ಮಂಥ ಸುಳ್ಳು ಪತ್ತೆ ಹಚ್ಚುವ ತಾಣದವರಿಗೆ ಬಹಳ ಇಷ್ಟವಾದ ಜಗಳ. 1908ರಲ್ಲಿ ಇನ್ನೊಬ್ಬ ಅಮೆರಿಕನ್ ಮಹಿಳೆ ಆ್ಯನಿ ಪೆಕ್ ಪೆರು ದೇಶದ ವಾಸ್ಕರಾನ್ ಬೆಟ್ಟ ಹತ್ತಿ, ಅದು 23,000 ಅಡಿಗೂ ಎತ್ತರವಿರಬಹುದು, ಹಾಗಾಗಿ ದಾಖಲೆ ತನ್ನದು ಎಂದರು. ಫ್ಯಾನಿ ಪತ್ರಿಕೆಯಲ್ಲಿ ಕಿತ್ತಾಡುತ್ತ ಕೂರಲಿಲ್ಲ. ಫ್ರೆಂಚ್ ಸರ್ವೇಯರುಗಳ ತಂಡವನ್ನು 13,000 ಡಾಲರ್ ಖರ್ಚು ಮಾಡಿ ಪೆರುಗೆ ಕಳಿಸಿದರು. ಅವರು ತ್ರಿಕೋನ ವಿಧಾನದಲ್ಲಿ ಅಳೆದು ತಂದ ಲೆಕ್ಕ: ಪೆಕ್ ಹತ್ತಿದ ಉತ್ತರದ ಶಿಖರ 21,812 ಅಡಿ. ದಾಖಲೆ ಫ್ಯಾನಿಯದೇ ಉಳಿಯಿತು. ಮಜಾ ಏನೆಂದರೆ ಫ್ಯಾನಿ ತಮ್ಮ ಪಿನಾಕಲ್ ಪೀಕಿಗೆ ಹೇಳಿಕೊಂಡಿದ್ದ 23,300 ಅಡಿಯೂ ಹೆಚ್ಚೇ ಆಗಿತ್ತು. ಈಗಿನ ಲೆಕ್ಕದಲ್ಲಿ ಅದು 22,700 ಅಡಿಯ ಚಿಲ್ಲರೆ. ಪರರ ಅಳತೆಯನ್ನು ಪರೀಕ್ಷಿಸಿದಷ್ಟು ಚೆನ್ನಾಗಿ ತಮ್ಮದನ್ನು ಪರೀಕ್ಷಿಸಲಿಲ್ಲ.

1905ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಮಾತನಾಡಿದರು. ಅಲ್ಲಿ ಮಾತನಾಡಿದ ಎರಡನೆಯ ಮಹಿಳೆ. ಪ್ಯಾರಿಸ್ಸಿನ ಸೋರ್ಬೊನ್‌ನಲ್ಲಿ ಉಪನ್ಯಾಸ ಕೊಟ್ಟ ಮೊದಲ ಅಮೆರಿಕನ್ ಮಹಿಳೆಯೂ ಆದರು. 1911-12ರಲ್ಲಿ ಸಿಯಾಚಿನ್ ಹಿಮನದಿಯನ್ನು ಸರ್ವೆ ಮಾಡಿಸುವ ದೊಡ್ಡ ತಂಡ ಕಟ್ಟಿದರು. ಇವತ್ತು ಸೈನಿಕರ ಸುದ್ದಿಯಲ್ಲಿ ಕೇಳುವ ಅದೇ ಸಿಯಾಚಿನ್. ಅಲ್ಲಿ ಸುಮಾರು 21,000 ಅಡಿ ಎತ್ತರದಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆಯೊಂದನ್ನು ಬಿಡಿಸಿ ಹಿಡಿದು ನಿಂತ ಅವರ ಫೋಟೊ ಪ್ರಸಿದ್ಧ. ಅದನ್ನು ತೆಗೆದದ್ದು ಗಂಡನೇ. ಅದೇ ಯಾತ್ರೆಯಲ್ಲಿ ತಂಡದ ಇಟಾಲಿಯನ್ ಕೂಲಿಯೊಬ್ಬ ಹಿಮದ ಬಿರುಕಿಗೆ ಬಿದ್ದು ಸತ್ತ. ಫ್ಯಾನಿ ಸ್ವಲ್ಪದರಲ್ಲಿ ಉಳಿದರು.

ಅವರನ್ನು ಬರೀ ಹೊಗಳಿ ಮುಗಿಸಿದರೆ ಈ ಬರಹವೂ ಇನ್ನೊಂದು ಫಾರ್ವರ್ಡ್ ಆಗಿಬಿಡುತ್ತದೆ. ಹೊರೆ ಹೊತ್ತ ಸ್ಥಳೀಯ ಕೂಲಿಗಳನ್ನು ಅವರು ಮನುಷ್ಯರಂತೆ ಕಂಡದ್ದು ಕಡಿಮೆ. ಸೋಮಾರಿಗಳು, ಕಳ್ಳರು ಎಂದು ಬರೆದರು. ಕೂಲಿಗಳು ಗುಂಪುಗುಂಪಾಗಿ ಬಿಟ್ಟುಹೋದದ್ದೂ ಉಂಟು. ಸೈಕಲ್ ಯಾತ್ರೆಯ ಪುಸ್ತಕದಲ್ಲೂ ದೇವಸ್ಥಾನಗಳ ಕಲ್ಲಿಗೆ ಸಿಕ್ಕ ಜಾಗ ಅದರ ಪಕ್ಕ ಬದುಕುತ್ತಿದ್ದ ಜನಕ್ಕೆ ಸಿಗಲಿಲ್ಲ. ಅವರು ಭಾರತಕ್ಕೆ ಬಂದ 1897 ದೇಶದ ದೊಡ್ಡ ಭಾಗದಲ್ಲಿ ಬರ, ಪ್ಲೇಗು ಹಬ್ಬಿದ್ದ ವರ್ಷ. ಹಳ್ಳಿಯಲ್ಲಿ ಊಟ ಸಿಗಲಿಲ್ಲ ಎಂದು ದೂರುವ ಪ್ರವಾಸಿಗೆ ಆ ಹಳ್ಳಿಯವರು ಏನು ಉಂಡಿದ್ದರು ಎಂಬ ಪ್ರಶ್ನೆ ಹೊಳೆಯಬೇಕಿತ್ತು. ಸೈಕಲ್ ಹೊಳೆ ದಾಟಿದ್ದು, ಕುಡಿಯಲು ನೀರು ಸಿಕ್ಕದ್ದು ಅವರೊಬ್ಬರ ಗಟ್ಟಿತನದಿಂದಲ್ಲ. ದಾರಿ ತೋರಿಸಿದ, ಬಿಂದಿಗೆ ಬಗ್ಗಿಸಿದ ಕೈಗಳಿದ್ದವು. ಅವುಗಳ ಹೆಸರು ಎಲ್ಲೂ ಇಲ್ಲ.

ನೀವು ಹೊರಡುವುದಾದರೆ ಹೊತ್ತೊಯ್ಯಬೇಕಾದದ್ದು ಈಗಲೂ ಅವರ ಪಟ್ಟಿಯಷ್ಟೇ ಚಿಕ್ಕದು. ಎರಡು ಹೆಚ್ಚುವರಿ ಟ್ಯೂಬ್, ಪ್ಯಾಚ್, ಸಲ್ಯೂಷನ್, ಟೈರ್ ಬಿಡಿಸುವ ಲಿವರ್, ಕೈಪಂಪು. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಆತುರದಲ್ಲಿ ಟೈರಿನ ಒಳಗೆ ಮುರಿದು ಕುಳಿತ ಮುಳ್ಳನ್ನು ಮರೆಯುವವರೇ ಹೆಚ್ಚು. ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಠುಸ್. ಬೆರಳು ಆಡಿಸಿದರೆ ಚುಚ್ಚೀತು, ಒಂದು ಚೂರು ಹತ್ತಿ ಅಥವಾ ಬಟ್ಟೆಯನ್ನು ಟೈರಿನ ಒಳಸುತ್ತಿಗೆ ಆಡಿಸಿ, ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ನೀರು ಮಾತ್ರ ಅವರಿಗಿಂತ ಹೆಚ್ಚು ಒಯ್ಯಿರಿ. ಬೇಸಿಗೆಯಲ್ಲಿ ಇಲ್ಲಿನ ಬಂಡೆಗಳು ಬೆಳಿಗ್ಗೆ ಹತ್ತಕ್ಕೇ ಕಾವಲಿಯಾಗುತ್ತವೆ. ತಲೆ ಸುತ್ತು, ವಾಕರಿಕೆ ಬಂದರೆ ನೆರಳಿಗೆ ಹೋಗಿ ಮೈ ತಣ್ಣಗೆ ಮಾಡಿಕೊಳ್ಳಿ. ಬೆವರು ನಿಂತು ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಸಿಯಾಚಿನ್ ನಂತರ ಮೊದಲ ಮಹಾಯುದ್ಧ ಬಂತು, ಯಾತ್ರೆಗಳು ನಿಂತವು. ಫ್ಯಾನಿ ಆರೋಗ್ಯವೂ ಕೆಟ್ಟಿತು. 1925ರ ಜನವರಿ 22ರಂದು ಫ್ರಾನ್ಸಿನ ಕಾನ್ ಊರಿನಲ್ಲಿ ತೀರಿಕೊಂಡರು. ವಿಲಿಯಂ ಇನ್ನೂ ಹನ್ನೆರಡು ವರ್ಷ ಬದುಕಿದ್ದರು. ಬೋರ್ಡಿಂಗ್ ಶಾಲೆಯಲ್ಲಿ ಬೆಳೆದ ಮಗಳು ರೇಚಲ್ ಭೂವಿಜ್ಞಾನಿಯಾದಳು, ಕಾನ್ಪುರದಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟ್ ಅವರನ್ನು ಮದುವೆಯಾದಳು. ತಾಯಿ ಸಾಯುವಾಗ ತನ್ನ ಆಸ್ತಿಯಲ್ಲಿ 1,25,000 ಡಾಲರನ್ನು ಅಮೆರಿಕದ ನಾಲ್ಕು ಕಾಲೇಜುಗಳಿಗೆ ಬರೆದಿಟ್ಟಿದ್ದರು. ನಾಲ್ಕೂ ಹೆಣ್ಣುಮಕ್ಕಳ ಕಾಲೇಜುಗಳು.